ಬಾಗಿಲಿನ ಮೂರನೆಯ ಸಾಲು

ನಮ್ಮ ಬಾಗಿಲಿನ ಮೊದಲ ಸಾಲಿನಲ್ಲಿ ‘ಗಿರಣಿಯಕ್ಕ’ ಎಂದಿದೆ. ಅದು ನಾನು. ಎರಡನೆಯ ಸಾಲು ‘ಹಾರನ್ನು’. ಅದು ನನ್ನ ಗಂಡ; ಲಾರಿ ಓಡಿಸುತ್ತಾರೆ, ಊರಿನ ತಿರುವಿಗೆ ಬಂದರೆ ಮನೆ ಮುಟ್ಟುವ ತನಕ ಹಾರನ್ನಿನ ಮೇಲಿನ ಕೈ ತೆಗೆಯುವುದಿಲ್ಲ. ಮೂರನೆಯದು ನಮ್ಮ ಮಗನ ಸಾಲು. ಈಗ ಹೇಳುತ್ತಿರುವುದೆಲ್ಲ ಆ ಒಂದು ಸಾಲಿನ ಸಂಗತಿ.

ಊರವರು ನಮ್ಮನ್ನು ಏನೆಂದು ಕರೆಯುತ್ತಾರೋ ನಮ್ಮೂರಿನ ಬಾಗಿಲುಗಳು ಅದನ್ನೇ ಬರೆದುಕೊಳ್ಳುತ್ತವೆ. ಹೆಚ್ಚು ಬಾಯಿಗಳು ಯಾವ ಹೆಸರು ಹೇಳುತ್ತವೋ ಅದು, ಸುಣ್ಣದಂಥ ಬಿಳಿಯ ಅಕ್ಷರದಲ್ಲಿ, ಬಿಸಿಲು ಬೀಳುವಷ್ಟರಲ್ಲಿ. ಮನೆಯವರ ಬಾಯಿ ಮಾತ್ರ ಬಾಗಿಲಿಗೆ ಕೇಳಿಸುವುದಿಲ್ಲ. ಹೆತ್ತವರು ಎಷ್ಟು ಮುದ್ದು ಮಾಡಿ ಕರೆದರೂ ಲೆಕ್ಕಕ್ಕಿಲ್ಲ. ಅದಕ್ಕೇ ಗಂಡಿನ ಮನೆಯವರು ಬೀಗರು ಬರುವ ಮೊದಲು ಬೀದಿಯವರಿಗೆಲ್ಲ ಕಾಫಿ ಕೊಟ್ಟು, ‘ಸ್ವಲ್ಪ ದಿನ ನಮ್ಮ ಹುಡುಗನ್ನ ಡುಮ್ಮ ಅನ್ಬೇಡಿ’ ಎಂದು ಕೇಳಿಕೊಳ್ಳುತ್ತಾರೆ. ಒಬ್ಬರು ತೀರಿಕೊಂಡರೆ ಅವರ ಸಾಲು ಅಳಿಸಿಹೋಗುತ್ತದೆ. ಎರಡು ಹೆಸರುಗಳು ಸರಿಸಮ ಬಂದು ನಿಂತರೂ ಸಾಲು ಖಾಲಿಯಾಗುತ್ತದೆ; ಆದರೆ ಅದು ಬಲು ಅಪರೂಪ. ಟೀ ಅಂಗಡಿಯವನನ್ನು ಅರ್ಧ ಊರು ‘ಶುಂಠಿ’ ಎಂದೂ ಅರ್ಧ ಊರು ‘ನೀರ್ಟೀ’ ಎಂದೂ ಕರೆಯುತ್ತಿತ್ತು. ಒಂದು ಬೆಳಿಗ್ಗೆ ಅವನ ಸಾಲು ಖಾಲಿ. ಹಿತ್ತಲಲ್ಲಿ ಹಲ್ಲುಜ್ಜಿಕೊಂಡು ಅವನು ಒಳಗೆ ಬರುವಷ್ಟರಲ್ಲಿ ಅವನ ಅಕ್ಕನ ಮನೆಯವರೆಲ್ಲ ಹಾರ ಹಿಡಿದು ಅಂಗಳದಲ್ಲಿ ಅಳುತ್ತ ಕೂತಿದ್ದರು. ಅವರ ಅಳು ನಿಲ್ಲಿಸಲು ಎಲ್ಲರಿಗೂ ಟೀ ಮಾಡಿಕೊಡಬೇಕಾಯಿತು. ಆ ದಿನ ಶುಂಠಿ ಹಾಕಿಯೇ ಮಾಡಿದನಂತೆ.

ನಮ್ಮ ಮಗನ ಹೆಸರು ಇಂದುಧರ. ಮನೆಯಲ್ಲಿ ನಾವು ಕರೆಯುವುದು ಇಂದು ಎಂದು. ಹೈಸ್ಕೂಲು ಸೇರಿದ ಮೇಲೆ ಅವನೇ ಹೇಳಿದ್ದ, ‘ಅಮ್ಮ, ಹೊರಗೆ ಹಾಗೆ ಕೂಗ್ಬೇಡ. ಹುಡುಗಿ ಹೆಸರು ಅಂತಾರೆ.’ ಬಾಗಿಲಲ್ಲಿ ಪೂರ್ತಿ ಹೆಸರೇ ಇತ್ತು, ನೆಟ್ಟಗೆ, ಯಾವ ತಕರಾರೂ ಇಲ್ಲದೆ.

ಅವನು ಹತ್ತನೇ ತರಗತಿಯಲ್ಲಿದ್ದಾಗ, ಒಂದು ಬೆಳಿಗ್ಗೆ ಹೊಸಿಲು ಸಾರಿಸಲು ಬಾಗಿಲು ತೆಗೆದೆ. ಮೂರನೆಯ ಸಾಲಿನಲ್ಲಿ ‘ಸೊಸೆ’ ಎಂದಿತ್ತು.

ಮೊದಲು ನನ್ನದೇ ಹಳೆಯ ಸಾಲು ತಿರುಗಿ ಬಂತೇನೋ ಅಂದುಕೊಂಡೆ. ಹೊಸದಾಗಿ ಮದುವೆಯಾಗಿ ಬಂದವಳ ಹೆಸರು ಬೀದಿಗೆ ಗೊತ್ತಿರುವುದಿಲ್ಲವಲ್ಲ, ಹಾಗಾಗಿ ನಮ್ಮ ಬಾಗಿಲುಗಳು ಅವಳನ್ನು ‘ಸೊಸೆ’ ಎಂದೇ ಬರೆದುಕೊಳ್ಳುತ್ತವೆ. ಆ ಪದ ಕಂಡ ಮನೆಗೆ ಬೀದಿಯ ಹಿರಿಯ ಹೆಂಗಸೊಬ್ಬಳು ಅಕ್ಕಿ, ಕೊಬ್ಬರಿ, ಬೆಲ್ಲ ತಂದು ಮಡಿಲು ತುಂಬಬೇಕು. ನನಗೂ ತುಂಬಿದ್ದರು. ಆಮೇಲೆ ನಾನು ಗಿರಣಿಯಕ್ಕ ಆಗುವುದಕ್ಕೆ ಎಷ್ಟು ಚೀಲ ಗೋಧಿ ಬೀಸಿದೆನೋ ಗೊತ್ತಿಲ್ಲ.

ಇಂದು ನನ್ನ ಹಿಂದೆ ಬಂದು ನಿಂತಿದ್ದ. ಓದಿದ. ಒಳಗೆ ಹೋದ. ನಾನೂ ಹೋಗಿ ಅವನ ಪಕ್ಕದಲ್ಲಿ ಕೂತೆ. ಗೋಡೆ ನೋಡುತ್ತ ಅವನೇ ಹೇಳಿದ.

‘ಟೂರ್ ಬಸ್ಸಲ್ಲಿ ಭರತೇಶಂಗೆ ಹೇಳ್ದೆ ಅಮ್ಮ. ನಂಗೆ ನೀನಂದ್ರೆ ಇಷ್ಟ ಅಂತ. ಫ್ರೆಂಡ್ ಅಂತ ಇಷ್ಟ ಅಲ್ಲ, ಆ ಇಷ್ಟ ಅಂತ. ಅವ್ನು ಏನೂ ಅನ್ಲಿಲ್ಲ. ಹಿಂದಿನ ಸೀಟಲ್ಲಿ ಸುಮಂತ ಇದ್ದ, ಕೇಳಿಸ್ಕೊಂಡ. ಭರತೇಶನ ಮನೆ ಸೊಸೆ ಬಂದ್ಲು ದಾರಿ ಬಿಡಿ ಅಂತ ಶುರು ಮಾಡ್ದ. ಈಗ ಇಡೀ ಸ್ಕೂಲು ಅನ್ನುತ್ತೆ.’

‘ಭರತೇಶ?’

‘ಬೇರೆ ಬೆಂಚಿಗೆ ಹೋದ.’

ದೊಡ್ಡ ಮಾತು ಏನಾದರೂ ಆಡಬೇಕಿತ್ತೇನೋ. ನನ್ನ ಬಾಯಿಗೆ ಬಂದದ್ದು ‘ದೋಸೆ ಹುಯ್ಯಲಾ?’ ಎಂಬುದು. ಅವನು ತಿಂದ. ಮೂರನೆಯ ದೋಸೆ ತಿನ್ನುವಾಗ ಅತ್ತ. ನಾನು ಕಾವಲಿಯ ಉರಿ ಸಣ್ಣ ಮಾಡಿ ಅವನ ತಲೆ ನನ್ನ ಹೊಟ್ಟೆಗೆ ಒತ್ತಿಕೊಂಡೆ.

ಬಾಗಿಲನ್ನು ಸೀಗೆಪುಡಿ ಹಾಕಿ ತಿಕ್ಕಿದೆ, ಹುಣಸೆಹಣ್ಣು ಹಾಕಿ ತಿಕ್ಕಿದೆ, ಕೊನೆಗೆ ಗಿರಣಿಯ ಕಲ್ಲು ಕೊರೆಯುವ ಉಳಿ ತಂದು ಕೆತ್ತಿದೆ. ಮರ ಹೋಯಿತು, ಅಕ್ಷರ ಹೋಗಲಿಲ್ಲ. ಶಾಲೆಯಲ್ಲಿ ಹೆಡ್ಮಾಸ್ತರರು, ‘ಹುಡುಗ್ರು ಆಟಕ್ಕೆ ಅಂದಿರ್ತಾರೆ, ನೀವು ಮನಸ್ಸಿಗೆ ಹಚ್ಕೋಬೇಡಿ’ ಎಂದರು. ಆಟ ಮುಂದುವರಿಯಿತು. ಅವನ ಬ್ಯಾಗಿನಲ್ಲಿ ಬಳೆ ತುಂಬಿಟ್ಟರು. ಬೆಂಚಿಗೆ ಅರಿಸಿನ ಕುಂಕುಮ ಬಳಿದರು. ಅವನು ಬೋರ್ಡಿಗೆ ಹೋಗಿ ಲೆಕ್ಕ ಬಿಡಿಸುವಾಗ ಹಿಂದಿನ ಬೆಂಚುಗಳಿಂದ ಸೋಬಾನೆ ಹಾಡಿದರಂತೆ. ಇಂದು ಶಾಲೆ ಬಿಟ್ಟ. ಆಮೇಲೆ ನಿದ್ದೆ ಬಿಟ್ಟ. ಆಮೇಲೆ ಒಂದು ಸಂಜೆ, ನಾನು ಗಿರಣಿಯಿಂದ ಬಂದು ತಲೆಗೂದಲಿನ ಹಿಟ್ಟು ಕೊಡವುತ್ತಿದ್ದಾಗ, ತೀರ ಸಾದಾ ದನಿಯಲ್ಲಿ ಹೇಳಿದ:

‘ಬಾಗಿಲಲ್ಲಿ ನನ್ನ ಸಾಲೇ ಇಲ್ದಿದ್ರೆ ಚೆನ್ನಾಗಿತ್ತು ಅಮ್ಮ.’

ನಮ್ಮೂರಿನಲ್ಲಿ ಈ ಮಾತಿನ ಅರ್ಥ ಸಣ್ಣ ಮಕ್ಕಳಿಗೂ ಗೊತ್ತು. ಮರುದಿನ ಗಿರಣಿಗೆ ಬೀಗ ಹಾಕಿ ಅವನ ಕೈ ಹಿಡಿದು ದೊಡ್ಡಾಸ್ಪತ್ರೆಗೆ ಹೋದೆ. ಮನಸ್ಸಿನ ಡಾಕ್ಟರಮ್ಮನ ಮನೆ ಬಾಗಿಲಲ್ಲಿ ‘ನಿಧಾನಮ್ಮ’ ಎಂದಿದೆ. ಅವರ ಮಾತೂ ಹಾಗೇ. ಅವನೊಬ್ಬನ ಹತ್ತಿರವೇ ತುಂಬ ಹೊತ್ತು ಮಾತಾಡಿ ನನ್ನನ್ನು ಕರೆದರು.

‘ಹುಡುಗರನ್ನ ಇಷ್ಟಪಡೋದು ಕಾಯಿಲೆ ಅಲ್ಲ, ಅದಕ್ಕೆ ಔಷಧಿ ಕೇಳ್ಬೇಡಿ. ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸ್ತಿದೆ, ಅದಕ್ಕೆ ಚಿಕಿತ್ಸೆ ಇದೆ. ವಾರವಾರ ಕರ್ಕೊಂಡು ಬನ್ನಿ. ಒಬ್ಬನ್ನೇ ಬಿಡ್ಬೇಡಿ. ಸಾಯ್ಬೇಕು ಅನ್ಸುತ್ತಾ ಅಂತ ಬಾಯ್ಬಿಟ್ಟು ಕೇಳಿ, ಕೇಳಿದ್ರೆ ಏನೂ ಆಗಲ್ಲ. ಮುಂದೆ ಏನು, ಮದುವೆ ಏನು, ಅದೆಲ್ಲ ಈಗ ಬೇಡ. ದಿನಾ ಎದ್ದ ಕೂಡ್ಲೆ ಇವತ್ತಿಂದು ಮಾತ್ರ ಕೇಳಿ.’

ಹಾಗೇ ಕೇಳಿದೆ. ದಿನಾ ಕೇಳಿದೆ. ಆದರೆ ಕೇಳುವ ಮೊದಲು, ಎದ್ದವಳೇ ಹೋಗಿ ಬಾಗಿಲು ನೋಡುತ್ತಿದ್ದೆ. ಹಿಂದಿನ ಸಂಜೆ ತಿಕ್ಕಿ ತಿಕ್ಕಿ ಬೆರಳು ಸುಲಿದುಕೊಂಡ ಅದೇ ಪದ ಬೆಳಿಗ್ಗೆ ಅಲ್ಲಿ ಕಂಡರೆ ನನಗೆ ಉಸಿರು ಬರುತ್ತಿತ್ತು. ಸದ್ಯ, ಇದೆ. ಮಗ ಇದ್ದಾನೆ.

ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ‘ಲೋಡ್ ಇಳಿಸಿ ಬರ್ತೀನಿ’ ಎಂದು ಇಟ್ಟುಬಿಟ್ಟರು. ಇಂದು ನನ್ನ ಮುಖವನ್ನೇ ನೋಡುತ್ತಿದ್ದ. ‘ಅಪ್ಪ ಏನಂದ್ರು?’ ಎಂದ. ‘ಲೋಡ್ ಇಳಿಸಿ ಬರ್ತಾರಂತೆ’ ಎಂದೆ.

ಆ ಭಾನುವಾರ ಬೆಳಿಗ್ಗೆ ಹಪ್ಪಳದಜ್ಜಿ ಬಂದಳು.

ಹಪ್ಪಳದಜ್ಜಿ ಭರತೇಶನ ಅಜ್ಜಿ. ಉದ್ದು ಬೀಸಲು ನನ್ನ ಗಿರಣಿಗೇ ಬರುವವಳು. ಎರಡೂ ಕಣ್ಣಿಗೆ ಪೊರೆ ಬಂದು ಈಗ ಬೆಳಕು ಬಿಟ್ಟರೆ ಹೆಚ್ಚೇನೂ ಕಾಣದು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಭರತೇಶನ ರಟ್ಟೆ. ಭರತೇಶನ ತಲೆಯ ಮೇಲೆ ಬಟ್ಟೆ ಮುಚ್ಚಿದ ಮೊರ. ಅವನ ಮುಖ ನೋಡಿದರೆ ಅವನನ್ನು ಎಳೆದುಕೊಂಡು ಬಂದ ಹಾಗಿತ್ತು.

‘ಓದೋ ಬಾಗಿಲು’ ಎಂದಳು ಅಜ್ಜಿ.

‘ಅಜ್ಜಿ, ಬೇಡ, ಮನೆಗೆ ಹೋಗಣ.’

‘ಮೂರನೇ ಸಾಲು ಓದು ಅಂದೆ.’

‘ಸೊಸೆ’ ಎಂದ ಭರತೇಶ, ಚಪ್ಪಲಿ ನೋಡಿಕೊಂಡು.

ಅಜ್ಜಿ ನನ್ನತ್ತ ತಿರುಗಿದಳು. ‘ಏನೇ ಗಿರಣಿಯಕ್ಕ, ಊರೆಲ್ಲ ಹಪ್ಪಳದಜ್ಜಿ ಮನೆ ಸೊಸೆ ಗಿರಣಿ ಮನೇಲಿದಾಳೆ ಅಂತಿದೆ. ನಮ್ಮನೆ ಸೊಸೆ, ನಂಗೇ ಗೊತ್ತಿಲ್ಲ. ಇವ್ನು ನೋಡಿದ್ರೆ ಇನ್ನೂ ಚಡ್ಡಿ ಹಾಕೋ ಮಗ, ಯಾವಾಗ ಕದ್ದು ತಾಳಿ ಕಟ್ದನೋ. ನಿಂಗೊಬ್ಳು ಮಗಳಿದಾಳೆ ಅಂತಾನೂ ನೀನು ಹೇಳಿಲ್ಲ. ಇರ್ಲಿ. ಬೈಯೋದು ಆಮೇಲೆ ಬೈತೀನಿ, ಮೊದ್ಲು ಶಾಸ್ತ್ರ ಆಗ್ಲಿ. ಕರಿ ಅವ್ಳನ್ನ.’

ನನಗೆ ನಗು ಬಂತು, ಅಳುವೂ ಬಂತು. ಎರಡೂ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಇಂದು ತಾನಾಗಿ ಕೋಣೆಯಿಂದ ಹೊರಗೆ ಬಂದ. ಎಷ್ಟೋ ದಿನದ ಮೇಲೆ ಅವನನ್ನು ಬೆಳಕಿನಲ್ಲಿ ಕಂಡದ್ದು.

‘ನಾನೇ, ಅಜ್ಜಿ’ ಎಂದ.

ಅಜ್ಜಿ ಕೈಚಾಚಿ ಅವನ ಮುಖ ಸವರಿದಳು. ಹಣೆ, ಮೂಗು, ಕೆನ್ನೆ. ತುಟಿಯ ಮೇಲೆ ಬೆರಳು ನಿಂತಿತು.

‘ಮೀಸೆ ಬರ್ತಿದೆಯಲ್ಲೇ ಇವಳಿಗೆ.’

‘ನಾನು ಇಂದುಧರ. ಗಿರಣಿಯಕ್ಕನ ಮಗ. ಸ್ಕೂಲಲ್ಲಿ ಎಲ್ರೂ ನನ್ನ ಸೊಸೆ ಅಂತ ಬೈತಾರೆ, ಅದಕ್ಕೆ ಬಾಗಿಲಿಗೆ ಬಂದಿದೆ.’

‘ಯಾಕೆ ಬೈತಾರೆ?’

ಇಂದು ಭರತೇಶನನ್ನು ನೋಡಲಿಲ್ಲ. ‘ನಂಗೆ ಹುಡುಗ್ರು ಅಂದ್ರೆ ಇಷ್ಟ ಅಜ್ಜಿ. ಹುಡುಗೀರ ಮೇಲೆ ಬರೋ ಇಷ್ಟ ಇರುತ್ತಲ್ಲ, ಅದು ನಂಗೆ ಹುಡುಗ್ರ ಮೇಲೆ ಬರುತ್ತೆ.’

ಗಿರಣಿ ನಿಂತಾಗ ಕಿವಿಯಲ್ಲಿ ಆಗುತ್ತದಲ್ಲ, ಹಾಗೆ ಅಂಗಳ ಗವ್ ಎಂದಿತು. ಅಜ್ಜಿ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು.

‘ಅದು ನಂಗೆ ತಿಳಿಯೋ ವಿಷಯ ಅಲ್ಲಪ್ಪ, ವಯಸ್ಸಾಯ್ತು. ಇನ್ನೊಂದು ಹೇಳು. ಸೊಸೆ ಅನ್ನೋದು ಯಾವತ್ತಿಂದ ಬೈಗುಳ ಆಯ್ತು?’

ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು.

‘ನಮ್ಮ ಮನೇಲಿ ನಾನು ಸೊಸೆಯಾಗಿ ಹಪ್ಪಳ ಒತ್ತಿ ಐದು ಜನರನ್ನ ಓದಿಸ್ದೆ. ಇವರಮ್ಮ ಸೊಸೆ. ನಿಮ್ಮಮ್ಮ ಸೊಸೆ. ಆ ಹುಡುಗರ ಅಮ್ಮಂದಿರೆಲ್ಲ ಏನು, ಆಕಾಶದಿಂದ ಬಿದ್ರಾ?’ ಮೊರದ ಬಟ್ಟೆ ಸರಿಸಿದಳು. ‘ಮಡಿಲಿಗೆ ಅಂತ ತಂದ ಅಕ್ಕಿ ವಾಪಸ್ ಒಯ್ಯೋ ಪದ್ಧತಿ ನಮ್ಮಲ್ಲಿಲ್ಲ. ಸೆರಗು ಇಲ್ಲ ಅಂದ್ರೆ ಟವೆಲ್ ಒಡ್ಡು.’

ಇಂದು ನನ್ನನ್ನು ನೋಡಿದ. ನಾನು ಹಗ್ಗದ ಮೇಲಿನ ಟವೆಲ್ ಎಳೆದು ಕೊಟ್ಟೆ. ಅಜ್ಜಿ ಬೊಗಸೆ ತುಂಬ ಅಕ್ಕಿ ಸುರಿಯಲು ತೊಡಗಿದಳು. ಆಗಲೇ ತಿರುವಿನಲ್ಲಿ ಹಾರನ್ ಕೇಳಿಸಿತು. ಬೀದಿಯುದ್ದಕ್ಕೂ ಹತ್ತಿರ ಹತ್ತಿರ ಬಂತು. ನಿಂತಿತು. ನನ್ನ ಗಂಡ ಕೆಳಗಿಳಿದು ಬಾಗಿಲ ಮೂರನೆಯ ಸಾಲನ್ನು ಓದುವುದು ಇಲ್ಲಿಂದಲೇ ಕಾಣುತ್ತಿತ್ತು. ಇಂದುವಿನ ಕೈಯಿಂದ ಟವೆಲ್ಲಿನ ಒಂದು ತುದಿ ಜಾರಿತು, ಅಕ್ಕಿ ನೆಲಕ್ಕೆ ಸೋರಿತು.

ಅವರು ಒಳಗೆ ಬಂದರು. ಅಜ್ಜಿಯನ್ನು ನೋಡಿದರು, ಮೊರ ನೋಡಿದರು, ಮಗನನ್ನು ನೋಡಿದರು. ಬಾಗಿ ಜಾರಿದ ತುದಿಯನ್ನು ಎತ್ತಿ ಹಿಡಿದುಕೊಂಡರು.

‘ಗಟ್ಟಿ ಹಿಡ್ಕೊಳೋ, ಅಕ್ಕಿ ಚೆಲ್ತಿದೆ’ ಎಂದರು. ಅಪ್ಪ ಮಗ ಎದುರುಬದುರು ನಿಂತು ಟವೆಲ್ ಹಿಡಿದೇ ಇದ್ದರು. ಅಜ್ಜಿ ಕೊಬ್ಬರಿ ಇಟ್ಟಳು, ಬೆಲ್ಲ ಇಟ್ಟಳು. ರವಿಕೆ ಬಟ್ಟೆ ಹಿಡಿದು ಒಂದು ಗಳಿಗೆ ಯೋಚಿಸಿ, ‘ಇದು ನಿಂಗಿರ್ಲಿ’ ಎಂದು ನನಗೆ ಕೊಟ್ಟಳು.

‘ಈಗ ಹೇಳು ಮಗ. ನಿನ್ನನ್ನ ಏನಂತ ಕರೀಬೇಕು?’

ನಮ್ಮೂರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳುವುದಿಲ್ಲ. ಕೇಳಬಹುದು ಎಂದೇ ನಮಗೆ ಹೊಳೆದಿರಲಿಲ್ಲ. ಇಂದು ಅಕ್ಕಿಯನ್ನೇ ನೋಡುತ್ತ, ‘ಇಂದು’ ಎಂದ.

‘ಹುಡುಗಿ ಹೆಸರು ಅಂತಾರೆ ಅಂತಿದ್ಯಲ್ಲೋ’ ಎಂದೆ ನಾನು.

‘ಅನ್ಲಿ. ಅದು ನನ್ನ ಹೆಸರು.’

ಸೋಮವಾರದಿಂದ ನನ್ನ ಗಿರಣಿ ನನ್ನ ಕೈಯಲ್ಲಿ ಉಳಿಯಲಿಲ್ಲ. ಅಜ್ಜಿ ನನ್ನ ಸ್ಟೂಲಿನ ಮೇಲೆ ಕೂತು ಕಾನೂನು ಮಾಡಿದಳು: ಡಬ್ಬಿ ಸುರಿಯುವ ಮೊದಲು ಗಿರಣಿಯ ಹಿಂದಿರುವ ನಮ್ಮ ಮನೆಯ ಕಡೆ ತಿರುಗಿ ಇಂದುವನ್ನು ಒಂದು ಸಲ ಕರೆಯಬೇಕು. ಗಿರಣಿಯ ಸದ್ದಿನಲ್ಲಿ ಮೆಲ್ಲಗೆ ಕರೆದರೆ ಆಗುತ್ತದೆಯೇ? ಹೆಂಗಸರು ಗಂಟಲು ಬಿಚ್ಚಿ ಕೂಗಿದರು. ಕೆಲವರು ಮುಖ ತಿರುವಿಕೊಂಡು ಬೇರೆ ಗಿರಣಿಗೆ ಹೋದರು, ಹೋಗಲಿ. ಮೂರನೆಯ ದಿನ ಸುಮಂತನ ಅಮ್ಮ ರಾಗಿ ಡಬ್ಬಿ ಹಿಡಿದು ಬಂದಳು.

‘ನಿನ್ನ ಮಗ ಈ ಹುಡುಗನ್ನ ಬೈತಾನಂತೆ ಕಣೆ’ ಎಂದಳು ಅಜ್ಜಿ.

‘ಏನಂತ ಬೈತಾನೆ?’

‘ಸೊಸೆ ಅಂತ.’

ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. ಸುಮಂತನ ಅಮ್ಮನೂ ನಗಲು ಹೊರಟು ಅರ್ಧಕ್ಕೆ ನಿಲ್ಲಿಸಿದಳು. ಡಬ್ಬಿಯನ್ನು ಸೊಂಟದಿಂದ ಇಳಿಸಿದಳು. ‘ನಮ್ಮತ್ತೆ ನನ್ನನ್ನ ಹಾಗೇ ಕರೀತಿದ್ರು. ಸಾಯೋ ತನಕ ಹೆಸರು ಹಿಡಿದು ಕರೀಲಿಲ್ಲ. ಇವನೂ ಅದನ್ನೇ ಕೇಳ್ಕೊಂಡು ಬೆಳ್ದ.’ ಆಮೇಲೆ ಮನೆಯ ಕಡೆ ತಿರುಗಿ, ಅಲ್ಲಿ ಅದುವರೆಗೆ ಯಾರೂ ಕೂಗದಷ್ಟು ಜೋರಾಗಿ ‘ಇಂದೂ’ ಎಂದು ಕೂಗಿದಳು.

ಸುಮಂತ ಮನೆಯಲ್ಲಿ ಏನು ಕೇಳಿಸಿಕೊಂಡನೋ, ಅವನು ಬಾಯಿ ಮುಚ್ಚಿದ. ಉಳಿದ ಹುಡುಗರಿಗೆ ಹಟ ಹೆಚ್ಚಿತು. ಸಂಜೆ ಶಾಲೆ ಬಿಟ್ಟು ಬರುವಾಗ ಗಿರಣಿಯ ಮುಂದೆ ನಿಂತು ‘ಸೊಸೆ’ ಎಂದು ಕೂಗಿ ಓಡುತ್ತಿದ್ದರು. ಹೆಂಗಸರು ಮೊರ ಹಿಡಿದುಕೊಂಡೇ ಹೊರಗೆ ಬಂದು ‘ಇಂದು’ ಎನ್ನುತ್ತಿದ್ದರು. ಬೀದಿಗೆ ಬೀದಿಯೇ ಎರಡಾಯಿತು. ಬಾಗಿಲ ಮೇಲೆ ‘ಸೊಸೆ’ ದಿನದಿನಕ್ಕೆ ತೆಳುವಾಗುತ್ತ ಬಂತು. ಜನ ಬೆಳಿಗ್ಗೆ ಬೆಳಿಗ್ಗೆ ನೋಡಲು ಬರತೊಡಗಿದರು. ಟೀ ಅಂಗಡಿಯವನು ಕೆಟಲ್ ತಂದು ನಮ್ಮ ಜಗಲಿಯ ಮೇಲೇ ವ್ಯಾಪಾರ ಶುರು ಮಾಡಿ, ‘ನನ್ನ ಸಾಲು ಖಾಲಿಯಾದಾಗ ನೀವ್ಯಾರೂ ಇಷ್ಟು ಓಡಾಡ್ಲಿಲ್ಲ ಬಿಡಿ’ ಎಂದು ಎಲ್ಲರನ್ನೂ ಹಂಗಿಸುತ್ತಿದ್ದ. ಇಂದು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಮಧ್ಯಾಹ್ನ ತಾನಾಗಿ ಕೇಳಿ ಉಪ್ಪಿಟ್ಟು ಹಾಕಿಸಿಕೊಂಡ. ನನ್ನ ಗಂಡ ಮುಂದಿನ ಲೋಡನ್ನು ಬೇರೆ ಡ್ರೈವರಿಗೆ ಬಿಟ್ಟುಕೊಟ್ಟು ಮಗನ ಕೋಣೆಯಲ್ಲೇ ಮಲಗತೊಡಗಿದರು.

ಶುಕ್ರವಾರ ಬೆಳಕು ಹರಿಯುವಾಗ ಎದ್ದು ಬಾಗಿಲು ತೆಗೆದೆ. ಗಿರಣಿಯಕ್ಕ. ಹಾರನ್ನು. ಅದರ ಕೆಳಗೆ ಬರೀ ಮರ.

ಶುಂಠಿ ನೆನಪಾಗಲಿಲ್ಲ, ನೀರ್ಟೀ ನೆನಪಾಗಲಿಲ್ಲ. ಕೋಣೆಗೆ ಓಡಿದೆ. ಗಂಡ ಗೊರಕೆ ಹೊಡೆಯುತ್ತಿದ್ದರು. ಪಕ್ಕದ ಹಾಸಿಗೆ ಖಾಲಿ. ನಾನು ಏನೆಂದು ಕಿರುಚಿದೆನೋ ಗೊತ್ತಿಲ್ಲ. ಇಬ್ಬರೂ ಬರಿಗಾಲಲ್ಲಿ ಓಡಿದೆವು. ಹಿತ್ತಲು ನೋಡಿದೆವು, ಬಾವಿ ನೋಡಿದೆವು. ಗಿರಣಿ ಸುತ್ತಿ ಮುಂದಿನ ಬೀದಿಗೆ ಬಂದೆವು.

ಗಿರಣಿಯ ಮೆಟ್ಟಿಲ ಮೇಲೆ ಇಂದು ಕೂತಿದ್ದ. ಶಾಲೆಯ ಯೂನಿಫಾರ್ಮು ಹಾಕಿಕೊಂಡು, ಬ್ಯಾಗು ತೊಡೆಯ ಮೇಲೆ ಇಟ್ಟುಕೊಂಡು.

ನಾನು ಅವನ ಕೆನ್ನೆ, ಭುಜ, ಕೈ ಎಲ್ಲ ಮುಟ್ಟಿ ನೋಡಿದೆ. ಅವನು ಗಾಬರಿಯಾದ. ‘ಬೇಗ ಹೋದ್ರೆ ದಾರೀಲಿ ಯಾರೂ ಇರಲ್ಲ ಅಂತ ಎದ್ದೆ ಅಮ್ಮ. ಇಲ್ಲಿ ತನಕ ಬಂದೆ. ಮುಂದಕ್ಕೆ ಕಾಲು ಬರ್ತಿಲ್ಲ.’

‘ಸಾಲು ಖಾಲಿಯಾಗಿದೆ ಕಣೋ’ ಎಂದೆ. ಆಗ ನೆನಪಾಯಿತು. ಸರಿಸಮ. ಇಷ್ಟು ದಿನ ಕೂಗಿದ್ದು ಅಲ್ಲಿಂದಲ್ಲಿಗೆ ನಿಂತಿದೆ. ಬಿಸಿಲು ಬೀಳುವುದರೊಳಗೆ ಒಂದು ಬಾಯಿ ಬೇಕು, ಒಂದೇ ಒಂದು. ನನ್ನ ಗಂಡ ಬಾಯಿ ತೆರೆದು ಮುಚ್ಚಿದರು. ನಮ್ಮ ಬಾಯಿ ನಡೆಯುವುದಿಲ್ಲವಲ್ಲ.

ಬೀದಿಯ ತುದಿಯಲ್ಲಿ ಸೈಕಲ್ ಕಾಣಿಸಿತು. ಭರತೇಶ, ಹ್ಯಾಂಡಲಿಗೆ ಅಜ್ಜಿಯ ಉದ್ದಿನ ಡಬ್ಬಿ ತೂಗುಹಾಕಿಕೊಂಡು. ನಮ್ಮನ್ನು ನೋಡಿ ಒಂದು ಕಾಲು ನೆಲಕ್ಕೆ ಊರಿದ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಇಷ್ಟು ದಿನವೂ ಅವನು ಗಿರಣಿಗೆ ಬಂದಿದ್ದ, ಹೋಗಿದ್ದ. ಆದರೆ ಒಂದು ಸಲವೂ ಕರೆದಿರಲಿಲ್ಲ. ಅವನ ಬಾಯಿಂದ ನಮ್ಮ ಬಾಗಿಲು ಕೇಳಿಸಿಕೊಂಡದ್ದು ಆ ಭಾನುವಾರ ಅಜ್ಜಿಗಾಗಿ ಓದಿದ ಆ ಒಂದು ಪದವನ್ನು ಮಾತ್ರ.

‘ನಾನು ನಿನ್ನ ಥರ ಅಲ್ಲ’ ಎಂದ ಭರತೇಶ, ಬ್ರೇಕಿನ ತಂತಿ ನೋಡುತ್ತ.

‘ಗೊತ್ತು’ ಎಂದ ಇಂದು.

‘ಆದ್ರೆ ಬೆಂಚು ಬದಲಿಸ್ಬಾರ್ದಿತ್ತು.’

ಭರತೇಶ ಸೈಕಲ್ಲನ್ನು ಶಾಲೆಯ ಕಡೆ ತಿರುಗಿಸಿ, ಕ್ಯಾರಿಯರ್ ಮೇಲಿದ್ದ ಹಿಟ್ಟನ್ನು ಅಂಗೈಯಿಂದ ಒರೆಸಿದ.

‘ಇಂದೂ, ಬಾ, ಹತ್ಕೋ.’

‘ನಾನು ಹಿಂದೆ ಕೂತ್ರೆ ನಿಂಗೂ ಅಂತಾರೆ.’

‘ಆಗ್ಲೇ ಅಂತಿದಾರೆ. ಮೊನ್ನೆಯಿಂದ ಅಜ್ಜಿ ನನ್ನ ಹತ್ರ ಹಪ್ಪಳ ಒತ್ತಿಸ್ತಾಳೆ, ಕೆಲಸ ಕಲಿಯೋ ಸೊಸೆ ಅಂತ ಅವಳೇ ಕರೀತಾಳೆ. ಹತ್ತೋ, ಪ್ರೇಯರ್‌ಗೆ ಲೇಟಾಗುತ್ತೆ.’

ಪ್ರೇಯರಿಗೆ ಇನ್ನೂ ಎಷ್ಟೋ ಹೊತ್ತಿತ್ತು. ಇಂದು ಎದ್ದ. ಬ್ಯಾಗು ಹೆಗಲಿಗೆ ಹಾಕಿದ. ಒಮ್ಮೆ ನನ್ನನ್ನು ನೋಡಿದ. ನಾನು ದಿನವೂ ಕೇಳುವುದನ್ನು ಕೇಳುವ ಮೊದಲೇ, ‘ಇವತ್ತು ಪರವಾಗಿಲ್ಲ ಅಮ್ಮ’ ಎಂದು ಹತ್ತಿಕೊಂಡ. ಸೈಕಲ್ಲು ಆ ಕಡೆ ಈ ಕಡೆ ಓಲಾಡಿ, ಸರಿಹೋಗಿ, ತಿರುವಿನಲ್ಲಿ ಮರೆಯಾಯಿತು.

ನಾವಿಬ್ಬರೂ ಮನೆಗೆ ಓಡಿದೆವು. ಉದ್ದಿನ ಡಬ್ಬಿ ಇನ್ನೂ ನನ್ನ ಕಂಕುಳಲ್ಲೇ ಇತ್ತು. ಸೂರಿನ ಕೆಳಗೆ ಬಿಸಿಲು ಈಗಷ್ಟೇ ಇಳಿಯುತ್ತಿತ್ತು. ಉಳಿ ಹಾಕಿ ನಾನು ಕೆತ್ತಿದ್ದ ಗೀರುಗಳ ಮೇಲೇ ಮೊದಲು ಒಂದು ಬಿಳಿಯ ಸುಳಿ ಮೂಡಿತು, ಆಮೇಲೆ ಸೊನ್ನೆ, ಆಮೇಲೆ ಕೊನೆಯ ಅಕ್ಷರ. ನನ್ನ ಗಂಡ ಮೈಲಿಗಲ್ಲು ಓದುವವರ ಹಾಗೆ ಮೇಲಿನಿಂದ ನಿಧಾನವಾಗಿ ಓದಿದರು. ‘ಗಿರಣಿಯಕ್ಕ. ಹಾರನ್ನು. ಇಂದು.’ ಕೊನೆಯದನ್ನು ಇನ್ನೊಂದು ಸಲ ಓದಿದರು. ಆಮೇಲೆ ಲಾರಿ ಹತ್ತಿ, ಸ್ಟಾರ್ಟ್ ಕೂಡ ಮಾಡದೆ, ಶಾಲೆಗೆ ಕೇಳಿಸುವ ಹಾಗೆ ಹಾರನ್ನನ್ನು ಒತ್ತಿ ಹಿಡಿದರು.

ನಾಳೆ ಬಾಗಿಲು ಏನು ಬರೆದುಕೊಳ್ಳುತ್ತದೋ ನಾಳೆ ಎದ್ದು ನೋಡುತ್ತೇನೆ. ಡಬ್ಬಿ ಹಿಡಿದ ಹೆಂಗಸರು ಆಗಲೇ ಗಿರಣಿಯ ಮುಂದೆ ಸೇರಿದ್ದರು. ನಾನು ಹೋಗಿ ಸ್ವಿಚ್ಚು ಹಾಕಿದೆ.